ಹ್ಯಾರಿ ಪಾಟರ್ ಕಥೆಯ ಕೊನೆಯನ್ನು ಓದುಗರು ಮೊದಲೇ ಊಹಿಸಿದ್ದರಾ?

ಹೌದು, ಮುಖ್ಯವಾದ ಎರಡು ಗುಟ್ಟುಗಳನ್ನು ಊಹಿಸಿದ್ದರು. (ಏಳನೇ ಪುಸ್ತಕ ಓದಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ.)

ಆರನೇ ಪುಸ್ತಕ ಬಂದಿದ್ದು 2005ರಲ್ಲಿ, ಕೊನೆಯದು 2007ರಲ್ಲಿ. ನಡುವಿನ ಎರಡು ವರ್ಷ ಓದುಗರು ಹಳೇ ಪುಸ್ತಕಗಳನ್ನು ಸಾಲು ಸಾಲಾಗಿ ಜಾಲಾಡಿದರು. ಆರನೆಯದರ ಕೊನೆಗೆ ಸಿಗುವ ನಕಲಿ ಲಾಕೆಟ್‌ನೊಳಗಿನ ಚೀಟಿಯ ಕೊನೆಗೆ ಪೂರ್ತಿ ಹೆಸರಿರಲಿಲ್ಲ, ‘ಆರ್.ಎ.ಬಿ.’ ಎಂಬ ಸಹಿ ಮಾತ್ರ ಇತ್ತು. ಅದು ಹ್ಯಾರಿಯ ಗಾಡ್‌ಫಾದರ್ ಸಿರಿಯಸ್‌ನ ತಮ್ಮ ರೆಗ್ಯುಲಸ್ ಬ್ಲ್ಯಾಕ್ ಎಂದು ಬಹಳ ಜನ ಹೇಳಿದರು. ಹಾಗಾದರೆ ಖಳನಾಯಕ ವೋಲ್ಡೆಮಾರ್ಟ್ ತನ್ನ ಆತ್ಮದ ಒಂದು ಚೂರನ್ನು ಅಡಗಿಸಿಟ್ಟಿದ್ದ ಅಸಲಿ ಲಾಕೆಟ್ ಎಲ್ಲಿ? ಐದನೇ ಪುಸ್ತಕದಲ್ಲಿ ಬ್ಲ್ಯಾಕ್ ಮನೆ ಸ್ವಚ್ಛ ಮಾಡುವಾಗ, ಯಾರಿಗೂ ತೆರೆಯಲಾಗದ ಒಂದು ಭಾರದ ಲಾಕೆಟ್ ಸಿಗುತ್ತದೆ. ಬೇರೆ ಸಾಮಾನುಗಳ ನಡುವೆ ಸುಮ್ನೆ ಹೆಸರಿಸಿ ಬಿಟ್ಟ ವಸ್ತು ಅದು! ಓದುಗರು ಅದನ್ನೂ ಹಿಡಿದರು. ನನಗಂತೂ ಇದೇ ಅತ್ಯಂತ ಸೊಗಸಾದ ಊಹೆ.

ಇನ್ನೊಂದು, ವೋಲ್ಡೆಮಾರ್ಟ್‌ನ ಆತ್ಮದ ಚೂರು ಹ್ಯಾರಿಯೊಳಗೇ ಇದೆ ಎಂಬುದು. ತನ್ನ ಒಂದು ಭಾಗವನ್ನು ಅವನು ನನ್ನೊಳಗೆ ಇಟ್ಟನಾ ಎಂದು ಹ್ಯಾರಿ ಎರಡನೇ ಪುಸ್ತಕದಲ್ಲೇ ಕೇಳಿದ್ದ ಅಲ್ವಾ?

ತಪ್ಪಿದ ಊಹೆಗಳೂ ಇವೆ. ಆರನೇ ಪುಸ್ತಕದಲ್ಲಿ ಕೊಲೆಯಾಗುವ, ಹ್ಯಾರಿಯ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ನಿಜವಾಗಿ ಸತ್ತಿಲ್ಲ ಎಂಬುದನ್ನು ತುಂಬಾ ಜನ ನಂಬಿದ್ದರು. 2006ರಲ್ಲಿ ನ್ಯೂಯಾರ್ಕಿನಲ್ಲಿ ಲೇಖಕಿ ರೌಲಿಂಗ್ ಅವರೇ ಅವನು ಸತ್ತಿದ್ದಾನೆ ಎಂದು ಹೇಳಬೇಕಾಯಿತು. ಆ ಊಹೆ ಹುಟ್ಟಿದ್ದು ಪುಟದ ಮೇಲಿನ ಸುಳಿವಿಗಿಂತ ಜಾಸ್ತಿ ಅವನ ಮೇಲಿನ ಪ್ರೀತಿಯಿಂದ ಅನ್ನಿಸುತ್ತದೆ.