ವಿಂಡೋಸ್ ಮತ್ತೆ ಹಾಕಿದೆ, ಮೂರು ವಾರ ಚೆನ್ನಾಗಿತ್ತು. ಹಾಗಾದರೆ ತಪ್ಪು ಯಾರದ್ದು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷ. ಒಳಗಿರುವುದು ಹಳೇ ಥರದ, ತಿರುಗುವ ಹಾರ್ಡ್ ಡಿಸ್ಕ್. ಕೆಲವು ತಿಂಗಳ ಹಿಂದೆ ಆನ್ ಮಾಡಿದರೆ ಲೋಗೋ ಬಂದು, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಮೂರು ವಾರ ಚೆನ್ನಾಗಿತ್ತು. ಈಗ ಮತ್ತೆ ಅದೇ ಕಥೆ. ಒಂದು ದಿನ ಶುರುವಾಗುತ್ತದೆ, ಇನ್ನೊಂದು ದಿನ 'ಆಟೊಮ್ಯಾಟಿಕ್ ರಿಪೇರಿ' ಎಂದು ಬಂದು ಅಲ್ಲೇ ನಿಲ್ಲುತ್ತದೆ. ಒಬ್ಬ ಗೆಳೆಯ ಸಾಫ್ಟ್‌ವೇರ್ ಸಮಸ್ಯೆ ಎನ್ನುತ್ತಾನೆ, ಇನ್ನೊಬ್ಬ ಡಿಸ್ಕ್ ಹೋಯಿತು ಎನ್ನುತ್ತಾನೆ. ನಾನೇ ಪತ್ತೆ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಅದಕ್ಕೂ ಮೊದಲು, ಡಿಸ್ಕ್‌ನಲ್ಲಿ ಬೇಕಾದ ಫೋಟೋ, ಫೈಲ್ ಇವೆಯೇ? ಇದ್ದರೆ 'ಇನ್ನೊಂದು ಸಲ ನೋಡೋಣ' ಅಂತ ಸುಮ್ನೆ ಆನ್ ಆಫ್ ಮಾಡುವುದನ್ನು ಇವತ್ತೇ ನಿಲ್ಲಿಸಿ. ಸಾಯುತ್ತಿರುವ ಡಿಸ್ಕ್‌ಗೆ ಪ್ರತಿ ಸಲದ ಸ್ಟಾರ್ಟ್ ಕೂಡ ದುಡಿಮೆಯೇ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಚುಕ್ಕಿಗಳಲ್ಲ, ಆ ಮೂರು ವಾರ. 'ವಿಂಡೋಸ್ ಹಾಕಿದ ಮೇಲೆ ಸರಿಹೋಯಿತು, ಅಂದರೆ ಸಾಫ್ಟ್‌ವೇರ್ ದೋಷವೇ' ಎಂದು ತುಂಬಾ ಜನ ತೀರ್ಮಾನಿಸುತ್ತಾರೆ. ಆ ಲೆಕ್ಕ ತಪ್ಪು. ಯಾಕೆ ಅಂತ ಹೇಳುತ್ತೇನೆ.

ಹಾರ್ಡ್ ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಇಟ್ಟುಕೊಂಡಿರುತ್ತದೆ. ಹಳೆಯವುಗಳಲ್ಲಿ ಒಂದು ತುಂಡು 512 ಬೈಟ್, ಹೊಸವುಗಳಲ್ಲಿ 4096 ಬೈಟ್. ಒಂದು ಸೆಕ್ಟರ್ ಓದಲು ಆಗದಿದ್ದರೆ ಡಿಸ್ಕ್ ಪದೇ ಪದೇ ಪ್ರಯತ್ನಿಸುತ್ತದೆ, ಕೊನೆಗೆ 'ಇದು ಅನುಮಾನದ ಜಾಗ' ಎಂದು ಗುರುತು ಹಾಕಿಕೊಳ್ಳುತ್ತದೆ. ನೀವು ಕಾಯುತ್ತಾ ಕೂತ ಚುಕ್ಕಿಗಳ ಹೊತ್ತು ಬಹುಶಃ ಅದೇ ಪ್ರಯತ್ನದ ಹೊತ್ತು. ಅದೇ ಜಾಗದ ಮೇಲೆ ಹೊಸದಾಗಿ ಏನಾದರೂ ಬರೆಯಹೊರಟಾಗ ಮಾತ್ರ ಡಿಸ್ಕ್ ಅದನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಕೈಬಿಟ್ಟು, ಮೀಸಲಿಟ್ಟ ಒಳ್ಳೆಯ ಸೆಕ್ಟರ್ ಒಂದನ್ನು ಅದರ ಬದಲು ಕೊಡುತ್ತದೆ. ವಿಂಡೋಸ್ ಮತ್ತೆ ಹಾಕುವುದು ಅಂದರೆ ಇಂಥ ಸಾವಿರಾರು ಜಾಗಗಳ ಮೇಲೆ ಹೊಸದಾಗಿ ಬರೆಯುವುದು ಅಲ್ವಾ? ಕೆಟ್ಟ ತುಂಡುಗಳು ಪಕ್ಕಕ್ಕೆ ಸರಿದವು, ಫೈಲ್‌ಗಳು ಬೇರೆ ಜಾಗದಲ್ಲಿ ಕೂತವು. ಎಲ್ಲ ಸರಿಹೋದಂತೆ ಕಂಡಿತು. ಆದರೆ ಜಾಗ ಕೆಡಿಸುತ್ತಿದ್ದ ಕಾರಣ ಅಲ್ಲೇ ಉಳಿದಿತ್ತು. ಮೂರು ವಾರದಲ್ಲಿ ಅದು ಇನ್ನೊಂದು ಮುಖ್ಯ ಫೈಲ್‌ನ ಮೇಲೆ ಕೈಯಿಟ್ಟಿತು.

ಹಾಗಾಗಿ ನನ್ನ ಅನುಮಾನ ಡಿಸ್ಕ್ ಮೇಲೆ. ಅನುಮಾನ ಅಷ್ಟೇ, ತೀರ್ಪಲ್ಲ. ತೀರ್ಪಿಗೆ ಹೀಗೆ ಹೋಗಿ.

ಮೊದಲು, ಯಂತ್ರ ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಪವರ್ ಒತ್ತಿದಾಗ ಮೊದಲು ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್‌ನಲ್ಲೇ ಇರುವ ಬಯೋಸ್. ಕಂಪನಿಯ ಲೋಗೋ ತೋರಿಸುವುದು ಅದೇ. ಡಿಸ್ಕ್ ಬಿಚ್ಚಿಟ್ಟರೂ ಲೋಗೋ ಬರುತ್ತದೆ. ಪರದೆ ಪೂರ್ತಿ ಕಪ್ಪಾಗಿ ಲೋಗೋ ಕೂಡ ಬಾರದಿದ್ದರೆ ಡಿಸ್ಕ್ ಬಗ್ಗೆ ಚಿಂತೆ ಬಿಡಿ. ರ‍್ಯಾಮ್, ಪವರ್, ಪರದೆ ಕಡೆ ನೋಡಿ. ಲೋಗೋ ಬಂದರೆ ಎಫ್2 ಅಥವಾ ನಿಮ್ಮ ಕಂಪನಿ ಹೇಳಿದ ಕೀ ಒತ್ತಿ ಬಯೋಸ್ ಒಳಗೆ ಹೋಗಿ, ಅಲ್ಲಿ ಡಿಸ್ಕ್‌ನ ಹೆಸರು ಕಾಣುತ್ತದೆಯೇ ನೋಡಿ. ನಾಲ್ಕೈದು ಸಲ ನೋಡಿ. ಒಮ್ಮೆ ಕಂಡು ಒಮ್ಮೆ ಮಾಯವಾದರೆ ಅದು ಹಾರ್ಡ್‌ವೇರ್. ಡಿಸ್ಕ್ ಇರಬಹುದು, ಅದರ ಕೇಬಲ್ ಇರಬಹುದು, ಸಾಕೆಟ್ ಇರಬಹುದು. ವಿಂಡೋಸ್ ಅಂತೂ ಅಲ್ಲ, ಪಾಪ, ಅದು ಇನ್ನೂ ಎದ್ದೇ ಇಲ್ಲ.

ಕೇಬಲ್ ಮಾತು ಬಂತು ಅಂತ ಹೇಳುತ್ತೇನೆ. ಒಮ್ಮೆ ನಾನು ತುಂಬಾ ಧೈರ್ಯದಿಂದ 'ಡಿಸ್ಕ್ ಹೋಗಿದೆ' ಎಂದು ಹೇಳಿ ಹೊಸದು ಹಾಕಿಸಿದ್ದೆ. ಹೊಸ ಡಿಸ್ಕ್‌ನಲ್ಲೂ ಅದೇ ಕಾಟ. ಕೊನೆಗೆ ನೋಡಿದರೆ ಡಿಸ್ಕ್‌ನಿಂದ ಬೋರ್ಡ್‌ಗೆ ಹೋಗುವ ತೆಳ್ಳನೆ ಪಟ್ಟಿ ಕೇಬಲ್ ಮಡಿಕೆಯಲ್ಲಿ ಸೀಳಿತ್ತು.

ಎರಡನೆಯದು, ತಪ್ಪಿನ ಸ್ವಭಾವ. ಸಾಫ್ಟ್‌ವೇರ್ ತಪ್ಪು ಸಾಮಾನ್ಯವಾಗಿ ಹಟಮಾರಿ. ಪ್ರತಿ ಸಲ ಅದೇ ಜಾಗದಲ್ಲಿ, ಅದೇ ಸಂದೇಶದೊಂದಿಗೆ ಬೀಳುತ್ತದೆ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಅವುಗಳಲ್ಲಿ ಎಷ್ಟೋ ಯಂತ್ರಗಳು ರೀಸ್ಟಾರ್ಟ್ ಮಾಡಿದಷ್ಟು ಸಲವೂ ಅದೇ ಜಾಗದಲ್ಲಿ ಬಿದ್ದವು. ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಏಳುವ ಸ್ಥಿತಿಗೆ, ಹೋಗಿ ಒಂದು ಫೈಲ್ ಅಳಿಸಿದರೆ ಎದ್ದು ಕೂತವು. ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಹಾರ್ಡ್ ಡಿಸ್ಕ್ ತಪ್ಪು ಹಾಗಲ್ಲ, ಅದು ಅಲೆಮಾರಿ. ಇವತ್ತು ಚುಕ್ಕಿಗಳ ಹತ್ತಿರ, ನಾಳೆ ಲಾಗಿನ್ ಆದ ಮೇಲೆ, ನಾಡಿದ್ದು ಒಂದು ಫೋಲ್ಡರ್ ತೆರೆದಾಗ. ಸೇಫ್ ಮೋಡ್ ಕೂಡ ಎಳೆದಾಡುತ್ತದೆ. ಜೊತೆಗೆ ಕಿವಿ ಇಟ್ಟು ಕೇಳಿ. ಒಂದೇ ಅಂತರದಲ್ಲಿ ಕಟ್, ಕಟ್ ಎಂಬ ಸದ್ದು ಬರುತ್ತಿದ್ದರೆ ಇನ್ನು ಯಾವ ಪರೀಕ್ಷೆಯೂ ಬೇಡ. ಆಫ್ ಮಾಡಿ. ಒಳಗಿರುವುದು ಬೆಲೆಬಾಳುವುದಾದರೆ ಡೇಟಾ ತೆಗೆಯುವವರ ಕೈಗೆ ಕೊಡಿ.

ಸದ್ದಿಲ್ಲದಿದ್ದರೆ ಮೂರನೆಯ ಪರೀಕ್ಷೆ. ನಾನು ಹೆಚ್ಚು ನಂಬುವುದು ಇದನ್ನೇ: ವಿಂಡೋಸ್ ಅನ್ನು ಆಟದಿಂದ ಹೊರಗಿಡುವುದು. ಬೇರೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಒಂದನ್ನು, ಉಬುಂಟುವಿನಂಥದ್ದನ್ನು, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ನಿಮ್ಮ ಲ್ಯಾಪ್‌ಟಾಪ್ ಅನ್ನು ಅದರಿಂದ ಶುರು ಮಾಡಿ, 'ಟ್ರೈ' ಎಂಬುದನ್ನು ಆರಿಸಿ. 'ಇನ್‌ಸ್ಟಾಲ್' ಒತ್ತಬೇಡಿ! ಈಗ ಡಿಸ್ಕ್ ಬಿಟ್ಟು ಉಳಿದದ್ದೆಲ್ಲ ನಿಮ್ಮದೇ ಯಂತ್ರ. ಅರ್ಧ ಗಂಟೆ ಇಂಟರ್‌ನೆಟ್ ನೋಡಿ, ವಿಡಿಯೋ ಹಾಕಿ. ಇಲ್ಲೂ ಯಂತ್ರ ಸಿಕ್ಕಿಹಾಕಿಕೊಂಡರೆ ಅನುಮಾನ ರ‍್ಯಾಮ್ ಅಥವಾ ಬೋರ್ಡ್ ಕಡೆ ತಿರುಗುತ್ತದೆ, ಆಗ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಎಂಬ ಸಾಧನ ಓಡಿಸಬೇಕು. ಸಲೀಸಾಗಿ ನಡೆದರೆ ಡಿಸ್ಕ್ ತೆರೆದು ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ಬ್ಯಾಕಪ್ಪೂ ಆಯಿತು, ಪರೀಕ್ಷೆಯೂ ಆಯಿತು. ಎಲ್ಲ ಒಂದೇ ವೇಗದಲ್ಲಿ ಬಂದರೆ ಡಿಸ್ಕ್ ಮೇಲಿನ ಅನುಮಾನ ಇಳಿಯುತ್ತದೆ. ಕೆಲವು ಫೈಲ್‌ಗಳ ಹತ್ತಿರ ನಿಂತು 'ಇನ್‌ಪುಟ್ ಔಟ್‌ಪುಟ್ ಎರರ್' ಎಂದರೆ ಡಿಸ್ಕ್ ತಪ್ಪೊಪ್ಪಿಕೊಂಡ ಹಾಗೆ. ಅಂಥ ಫೈಲ್ ಬಿಟ್ಟು ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನು ಮೊದಲು ಉಳಿಸಿ. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ.

ಕೊನೆಗೆ ಡಿಸ್ಕ್‌ನ ಸ್ವಂತ ದಿನಚರಿ, ಅಂದರೆ ಸ್ಮಾರ್ಟ್ ವರದಿ. ಲಿನಕ್ಸ್‌ನ 'ಡಿಸ್ಕ್ಸ್' ಎಂಬ ಸಾಧನದಲ್ಲಿ ಸಿಗುತ್ತದೆ. ವಿಂಡೋಸ್ ಏಳುವ ದಿನವಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಧನ ಸಾಕು. ಉದ್ದ ಪಟ್ಟಿ ನೋಡಿ ಗಾಬರಿಯಾಗಬೇಡಿ, ನಾಲ್ಕು ಸಾಲು ನೋಡಿದರೆ ಸಾಕು. 05 ಎಂಬುದು ಈಗಾಗಲೇ ಬದಲಿಸಿದ ಸೆಕ್ಟರ್‌ಗಳ ಲೆಕ್ಕ. ಸಿ5 ಎಂಬುದು ಅನುಮಾನದ ಪಟ್ಟಿಯಲ್ಲಿರುವವು. ಸಿ6 ಎಂಬುದು ಓದಿ ಸರಿಪಡಿಸಲಾಗದೇ ಹೋದವು. ಸಿ7 ಎಂಬುದು ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ಅದು ಹೆಚ್ಚುತ್ತಿದ್ದರೆ ಡಿಸ್ಕ್‌ಗಿಂತ ಕೇಬಲ್ ಮೇಲೆ ಅನುಮಾನ ಪಡಿ. ಮೊದಲ ಮೂರರಲ್ಲಿ ಸೊನ್ನೆ ಇರಬೇಕು. 05ರಲ್ಲಿ ಒಂದೆರಡು ಇದ್ದು ತಿಂಗಳುಗಟ್ಟಲೆ ಅಷ್ಟೇ ಉಳಿದರೆ ನಾನು ಹೆದರುವುದಿಲ್ಲ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುತ್ತೇನೆ. ನಿಮ್ಮದರಲ್ಲಿ 05 ಜಾಸ್ತಿ ಇದ್ದರೆ ಆ ಮೂರು ವಾರದ ಗುಟ್ಟು ಅಲ್ಲೇ ಇದೆ.

ಆದರೆ ವರದಿಯ ಮೇಲ್ಗಡೆ 'ಗುಡ್' ಎಂದಿದ್ದರೆ ಅದನ್ನೇ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ 36ಕ್ಕಿಂತ ಹೆಚ್ಚಿನವು ತಾಪಮಾನ ಬಿಟ್ಟು ಬೇರೆ ಯಾವ ಸ್ಮಾರ್ಟ್ ಸೂಚನೆಯನ್ನೂ ಕೊಟ್ಟಿರಲಿಲ್ಲ. ಅಂದರೆ ವರದಿ ಕೆಟ್ಟದಾಗಿದ್ದರೆ ನಂಬಿ, ಚೆನ್ನಾಗಿದ್ದರೆ ಅರ್ಧ ನಂಬಿ. ಉಳಿದ ಅರ್ಧಕ್ಕೆ ಇಡೀ ಡಿಸ್ಕ್ ಓದಿ ನೋಡುವ ದೀರ್ಘ ಪರೀಕ್ಷೆ ಇದೆ. ಅದು ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಎಷ್ಟೋ ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲೂ ಡಿಸ್ಕ್ ಪರೀಕ್ಷೆ ಇರುತ್ತದೆ. ಡೆಲ್‌ನಲ್ಲಿ ಎಫ್12 ಪಟ್ಟಿಯಲ್ಲಿ, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಸಿಗುತ್ತದೆ.

ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ವಿಂಡೋಸ್‌ನದೇ ಸಾಧನ ಚೆಕ್‌ಡಿಸ್ಕ್ ಓಡಿಸಲೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಫೈಲ್‌ಗಳನ್ನು ಹೊರಗೆ ತೆಗೆಯುವ ಮೊದಲು ಬೇಡ. ಕೆಟ್ಟ ಸೆಕ್ಟರ್ ಹುಡುಕುವ ಅದರ 'ಆರ್' ಆಯ್ಕೆ ಇಡೀ ಡಿಸ್ಕ್ ಅನ್ನು ಕೆದಕುತ್ತದೆ. ಅದಕ್ಕೆ ಬೇಕಾದದ್ದು ಫೈಲ್‌ಗಳ ಪಟ್ಟಿ ನೆಟ್ಟಗಿರುವುದು, ನಿಮ್ಮ ಫೋಟೋ ನೆಟ್ಟಗಿರುವುದಲ್ಲ. ಪಟ್ಟಿ ಸರಿಮಾಡುವ ಭರದಲ್ಲಿ ಫೈಲ್ ತುಂಡಾದರೂ ಅದಕ್ಕೆ ಬೇಜಾರಿಲ್ಲ.

ಎಲ್ಲ ಪರೀಕ್ಷೆ ದಾಟಿ ಡಿಸ್ಕ್ ಶುದ್ಧ ಎಂದಾದರೆ ಮಾತ್ರ ಸಾಫ್ಟ್‌ವೇರ್ ದಾರಿ: ಸೇಫ್ ಮೋಡ್, ಇತ್ತೀಚಿನ ಅಪ್‌ಡೇಟ್ ಅಥವಾ ಡ್ರೈವರ್ (ಒಂದು ಹಾರ್ಡ್‌ವೇರ್ ಭಾಗವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ತೆಗೆಯುವುದು, ಸ್ಟಾರ್ಟಪ್ ರಿಪೇರಿ. ಡಿಸ್ಕ್ ಕೆಟ್ಟಿದೆ ಎಂದಾದರೆ ಅದೇ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಉಳಿಸುವ ಡಿಸ್ಕ್, ಹಾಕಿಸಿ. ಐದು ವರ್ಷದ ಲ್ಯಾಪ್‌ಟಾಪ್ ಬೇರೆಯದೇ ಯಂತ್ರದಂತೆ ಓಡುತ್ತದೆ.

ಪ್ರಶ್ನೆ: ನನ್ನದು ಎಸ್‌ಎಸ್‌ಡಿ, ಸದ್ದೇ ಇಲ್ಲ. ಕೆಲವೊಮ್ಮೆ 'ನೋ ಬೂಟ್ ಡಿವೈಸ್' ಎನ್ನುತ್ತದೆ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಇದೂ ವಿಂಡೋಸ್ ತಪ್ಪೇ?

ಉತ್ತರ: ಅಲ್ಲ. ಆ ಸಂದೇಶ ಬರುವುದು ಬಯೋಸ್‌ನಿಂದ. ಕೆಲವೊಮ್ಮೆ ಮಾತ್ರ ಬರುತ್ತದೆ ಎಂಬುದೂ ಹಾರ್ಡ್‌ವೇರ್ ಕಡೆಗೇ ಬೆರಳು ತೋರಿಸುತ್ತದೆ. ಬ್ಯಾಕಪ್ ತೆಗೆದು, ಪವರ್ ಪೂರ್ತಿ ಕಡಿದು, ಎಸ್‌ಎಸ್‌ಡಿಯನ್ನು ಒಮ್ಮೆ ಬಿಚ್ಚಿ ಸರಿಯಾಗಿ ಕೂರಿಸಿ. ಬಿಗಿ ಇಲ್ಲದ ಒಂದು ಸ್ಕ್ರೂ ಇಷ್ಟೆಲ್ಲ ಆಟ ಆಡಿಸಬಲ್ಲದು. ಆಮೇಲೆ ತಯಾರಕರ ಫರ್ಮ್‌ವೇರ್ (ಎಸ್‌ಎಸ್‌ಡಿಯ ಒಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಇದೆಯೇ ನೋಡಿ. ಆಗಲೂ ಮಾಯವಾದರೆ ಅದನ್ನು ನಡೆಸುವ ಒಳಗಿನ ಚಿಪ್, ಅಂದರೆ ಕಂಟ್ರೋಲರ್, ಕೈಕೊಡುತ್ತಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ತಿರುಗುವ ಡಿಸ್ಕ್ ಎಷ್ಟೋ ಸಲ ನರಳಿ ಸಾಯುತ್ತದೆ. ಎಸ್‌ಎಸ್‌ಡಿ ನಿನ್ನೆ ಇದ್ದು ಇವತ್ತು ಇಲ್ಲ ಎಂಬಂತೆ ಹೋಗಬಹುದು. ವಾರಂಟಿ ದಿನಾಂಕ ಇವತ್ತೇ ನೋಡಿ.

ಪ್ರಶ್ನೆ: ಬಯೋಸ್ ಅಪ್‌ಡೇಟ್ ಮಾಡಿದ ತಕ್ಷಣ 'ಇನ್‌ಆಕ್ಸೆಸಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ. ಪ್ರತಿ ಸಲವೂ ಬರುತ್ತಿದೆ. ಡಿಸ್ಕ್ ಹೋಯಿತೇ?

ಉತ್ತರ: ಬಹುಶಃ ಇಲ್ಲ. ಹೆಸರು ಹೆದರಿಸುತ್ತದೆ, ಕಾರಣ ಸಣ್ಣದಿರಬಹುದು. ಅಪ್‌ಡೇಟ್ ಆದಾಗ ಬಯೋಸ್‌ನ ಕೆಲವು ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಹೋಗುವುದುಂಟು. ಸ್ಟೋರೇಜ್ ವಿಭಾಗದಲ್ಲಿ ಎಎಚ್‌ಸಿಐ, ರೇಡ್ ಅಥವಾ ವಿಎಂಡಿ ಎಂಬ ಆಯ್ಕೆ ಇರುತ್ತದೆ, ಇವು ಯಂತ್ರ ಡಿಸ್ಕ್ ಜೊತೆ ಮಾತಾಡುವ ಬೇರೆ ಬೇರೆ ವಿಧಾನಗಳು. ವಿಂಡೋಸ್ ಹಾಕಿದಾಗ ಇದ್ದ ಆಯ್ಕೆ ಬದಲಾಗಿದ್ದರೆ, ಡಿಸ್ಕ್ ಓದಲು ಬೇಕಾದ ಡ್ರೈವರ್ ಇಲ್ಲದೆ ವಿಂಡೋಸ್ ಬಾಗಿಲಲ್ಲೇ ನಿಲ್ಲುತ್ತದೆ. ಈಗಿನ ಆಯ್ಕೆ ಯಾವುದು ಎಂದು ಬರೆದಿಟ್ಟುಕೊಂಡು, ಇನ್ನೊಂದಕ್ಕೆ ಬದಲಿಸಿ ಸೇವ್ ಮಾಡಿ, ರೀಸ್ಟಾರ್ಟ್ ಮಾಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ.