ಶೆಫೀಲ್ಡ್‌ನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಸಾಲ ಮಾಡಿ ಹೋಗಬಹುದಾ?

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೀರಿ. ಶೆಫೀಲ್ಡ್‌ನಲ್ಲಿ ಮೆಟಲರ್ಜಿ ಎಂ.ಎಸ್ಸಿ.ಗೂ ಲಂಡನ್ನಿನಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸಿಗೂ ಆಫರ್ ಬಂದಿದೆ, ಅಪ್ಪ ಸೈಟು ಅಡವಿಟ್ಟು ಸಾಲ ತೆಗೆಯಲು ತಯಾರಿದ್ದಾರೆ ಎಂದು ಬರೆದಿದ್ದೀರಿ. ನಾನು ಶೆಫೀಲ್ಡ್‌ನಲ್ಲೇ ಓದಿದವನು. ಎರಡರಲ್ಲಿ ಒಂದು ಅಂದರೆ ನನ್ನ ಉತ್ತರ ಶೆಫೀಲ್ಡ್. ಸಾಲದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅದು ಉಕ್ಕಿನ ಊರು. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದು ಅಲ್ಲೇ. ಹಳೆಯ ಕಾರ್ಖಾನೆಗಳು ಎಷ್ಟೋ ಮುಚ್ಚಿಹೋದವು, ಆದರೆ ಆ ವಿದ್ಯೆ ಊರು ಬಿಟ್ಟು ಹೋಗಲಿಲ್ಲ. 2001ರಲ್ಲಿ ವಿಶ್ವವಿದ್ಯಾಲಯವು ಬೋಯಿಂಗ್ ಜೊತೆ ಸೇರಿ ಕಟ್ಟಿದ ಎಎಂಆರ್‌ಸಿ ಎಂಬ ಸುಧಾರಿತ ಉತ್ಪಾದನಾ ತಂತ್ರಜ್ಞಾನದ ಸಂಶೋಧನಾ ಕೇಂದ್ರ ಊರಿನ ಅಂಚಿನಲ್ಲಿದೆ. ಅದರ ಹತ್ತಿರವೇ ರೋಲ್ಸ್‌ರಾಯ್ಸ್‌ನವರು ವಿಮಾನದ ಎಂಜಿನ್ನಿಗೆ ಟರ್ಬೈನ್ ಬ್ಲೇಡು ಎರಕ ಹೊಯ್ಯುತ್ತಾರೆ. ನಿಮ್ಮ ವಿಷಯಕ್ಕೆ ಇಂಥ ನೆರೆಹೊರೆ ಲಂಡನ್ನಿನಲ್ಲಿ ಸಿಗುವುದಿಲ್ಲ.

ಖರ್ಚೂ ಕಡಿಮೆ. ವೀಸಾಕ್ಕೆ ತೋರಿಸಬೇಕಾದ ಹಣ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗಿನ ಊರುಗಳಿಗೆ 1,171. ಒಂಬತ್ತು ತಿಂಗಳಿಗೆ ಲೆಕ್ಕ ಹಾಕಿದರೆ 3,222 ಪೌಂಡ್ ವ್ಯತ್ಯಾಸ. ಆ ದುಡ್ಡು ಖಾತೆಯಲ್ಲಿ 28 ದಿನ ಅಲುಗಾಡದೆ ಇರಬೇಕು. ಫೀಸಿನ ಹೊರತಾಗಿ, ಒಂದು ವರ್ಷದ ಕೋರ್ಸಿಗೆ ಆರೋಗ್ಯ ಸರ್ಚಾರ್ಜ್ 1,164 ಪೌಂಡ್ ಮೊದಲೇ ಕಟ್ಟಬೇಕು. ಲೋಹ, ಮೆಟೀರಿಯಲ್ಸ್ ವಿಷಯದ ಕೋರ್ಸುಗಳಿಗೆ ವೀಸಾಕ್ಕೂ ಮುಂಚೆ ಅಟಾಸ್ (ATAS) ಎಂಬ, ಬ್ರಿಟನ್ ಸರ್ಕಾರದ ಭದ್ರತಾ ಅನುಮತಿಯ ಸರ್ಟಿಫಿಕೇಟ್ ಬೇಕಾಗುವುದುಂಟು. ಬರಲು ವಾರಗಟ್ಟಲೆ ಹಿಡಿಯುತ್ತದೆ, ಆಫರ್ ಲೆಟರನ್ನು ಇನ್ನೊಮ್ಮೆ ಓದಿ ನೋಡಿ.

ಈಗ ಸಾಲ. ಕನ್ಸಲ್ಟೆನ್ಸಿಯವರು ‘ಓದು ಮುಗಿದ ಮೇಲೆ ಎರಡು ವರ್ಷ ವರ್ಕ್ ವೀಸಾ’ ಎಂದಿದ್ದರೆ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಅದರ ನಂತರವೂ ಉಳಿಯಬೇಕೆಂದರೆ ಸ್ಪಾನ್ಸರ್ ಮಾಡುವ ಕಂಪನಿ ಬೇಕು, ಅದು ಕೊಡುವ ಸಂಬಳವೂ ಸರ್ಕಾರದ ಮಿತಿ ದಾಟಬೇಕು. ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್, ನಿಮ್ಮಂಥ ಹೊಸಬರಿಗೆ 33,400. ಶೆಫೀಲ್ಡ್‌ನಂಥ ಉತ್ತರ ಇಂಗ್ಲೆಂಡಿನ ಊರಿನವರಿಗೆ ಪೆಟ್ಟು ಬೀಳುವುದು ಇಲ್ಲೇ: ಬಾಡಿಗೆ ಕಡಿಮೆ ಇರುವ ಊರಲ್ಲಿ ಸಂಬಳವೂ ಕಡಿಮೆ, ಮಿತಿ ಮಾತ್ರ ಲಂಡನ್ನಿಗೂ ಶೆಫೀಲ್ಡ್‌ಗೂ ಒಂದೇ. ಈಗಷ್ಟೇ ಓದು ಮುಗಿಸಿದ ಎಂಜಿನಿಯರಿಗೆ ಅಲ್ಲಿನ ಸಣ್ಣ ಕಂಪನಿಗಳು ಕೊಡುವುದು ಅನೇಕ ಸಲ ಆ ಕೆಳಗಿನ ಮಿತಿಯನ್ನೂ ಮುಟ್ಟುವುದಿಲ್ಲ. ಇನ್ನು ಶೆಫೀಲ್ಡ್ ಫೋರ್ಜ್‌ಮಾಸ್ಟರ್ಸ್‌ನಂಥ ದೊಡ್ಡ ಉಕ್ಕಿನ ಕಂಪನಿ 2021ರಿಂದ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಕೈಯಲ್ಲಿದೆ. ರಕ್ಷಣಾ ಕೆಲಸಗಳಿಗೆ ಭದ್ರತಾ ತಪಾಸಣೆ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಕೆಲವು ವರ್ಷ ಆ ದೇಶದಲ್ಲೇ ಇದ್ದಿರಬೇಕು.

ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅದರಲ್ಲಿ ಊಟ, ಬಾಡಿಗೆಗೆ ಒಂದಿಷ್ಟು ಆಗುತ್ತದೆ. ಸಾಲದ ಕಂತು ಹುಟ್ಟುವುದಿಲ್ಲ.

ಹೋದರೆ ಒಂದು ಮಾತು ನೆನಪಿರಲಿ. ಸೆಪ್ಟೆಂಬರಿನಲ್ಲಿ ಇಳಿಯುತ್ತೀರಿ, ದೊಡ್ಡ ಕಂಪನಿಗಳ ಗ್ರ್ಯಾಜುಯೇಟ್ ಕೆಲಸಗಳಿಗೆ ಅರ್ಜಿ ಆಗಲೇ ತೆರೆದಿರುತ್ತದೆ, ಹಲವು ನವೆಂಬರ್ ಹೊತ್ತಿಗೆ ಮುಚ್ಚಿಬಿಡುತ್ತವೆ. ಹಾಗಾಗಿ ಸಿ.ವಿ. ಇಲ್ಲಿಂದಲೇ ಸಿದ್ಧವಾಗಿರಲಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಕ್ರೂಕ್ಸ್‌ಮೂರ್ ಕಡೆಯ ಹಳೆಯ ಇಟ್ಟಿಗೆ ಮನೆಗಳಲ್ಲಿ ಹೀಟರ್ ಖರ್ಚು ಉಳಿಸಲು ಹೋಗಿ, ಒದ್ದೆ ಬಟ್ಟೆಯನ್ನೂ ಕೋಣೆಯಲ್ಲೇ ಒಣಗಿಸಿದರೆ, ಕಿಟಕಿಯ ಮೂಲೆಯಿಂದ ಗೋಡೆಗೆ ಕಪ್ಪು ಬೂಷ್ಟು ಹತ್ತಿಕೊಳ್ಳುತ್ತದೆ. ‘ಬಿಲ್ ಸೇರಿ’ ಎಂದಿರುವ ಮನೆಯನ್ನೇ ಹುಡುಕಿ. ಬಿಸಿಲು ಬಂದ ದಿನ ಬಸ್ಸು ಹತ್ತಿದರೆ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳು. ನಗರದ ಸುಮಾರು ಮೂರನೇ ಒಂದು ಭಾಗ ಆ ರಾಷ್ಟ್ರೀಯ ಉದ್ಯಾನದೊಳಗೇ ಇದೆ.

ಹಾಗಾಗಿ, ಓದು ಮುಗಿಸಿ ನೇರ ವಾಪಸ್ ಬಂದರೆ ಇಲ್ಲಿನ ಸಂಬಳದಲ್ಲಿ ಈ ಸಾಲ ತೀರುತ್ತದಾ ಎಂದು ಅಪ್ಪನ ಜೊತೆ ಕೂತು ಲೆಕ್ಕ ಹಾಕಿ. ತೀರುತ್ತದೆ ಅಂದರೆ ಹೋಗಿ. ಇಲ್ಲವೆಂದರೆ ಎರಡು ವರ್ಷ ಇಲ್ಲೇ ಕೆಲಸ ಮಾಡಿ. ಬ್ರಿಟನ್ ಸರ್ಕಾರ ಕೊಡುವ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷದ ಅನುಭವ ಬೇಕೇ ಬೇಕು, ಸಿಕ್ಕರೆ ಫೀಸಿನ ಜೊತೆ ಜೀವನದ ಖರ್ಚೂ ಅವರದೇ. ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕೆಂಬ ಷರತ್ತಿದೆ, ಸೈಟು ಉಳಿಯುವಾಗ ಅದೇನೂ ಭಾರವಲ್ಲ. ಸದ್ಯಕ್ಕೆ ಶೆಫೀಲ್ಡ್ ವಿಭಾಗಕ್ಕೆ ಒಂದು ಮೇಲ್ ಹಾಕಿ: ಎಂ.ಎಸ್ಸಿ. ಪ್ರಾಜೆಕ್ಟನ್ನು ಕಂಪನಿಗಳ ಜೊತೆ ಮಾಡಲು ಅವಕಾಶ ಇದೆಯಾ, ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಬಹುದಾ? ಉತ್ತರ ಬರುವ ತನಕ ಡೆಪಾಸಿಟ್ ಕಟ್ಟಬೇಡಿ.