ಇಲಿಶ್ ಮನೆಯೋ, ಸಿಗಡಿ ಮನೆಯೋ?

ಪ್ರಶ್ನೆ: ಜುಲೈ ಕೊನೆಯ ವಾರ ಮೂರು ದಿನ ಕೋಲ್ಕತ್ತಾಗೆ ಹೊರಟಿದ್ದೇವೆ. ನನಗೆ ಹಳೆಯ ಕಟ್ಟಡ ನೋಡುವ ಆಸೆ. ಹತ್ತನೇ ಕ್ಲಾಸಿನ ಮಗನಿಗೆ ಫುಟ್‌ಬಾಲ್ ಬಿಟ್ಟರೆ ಬೇರೇನೂ ಬೇಡ. ಇಬ್ಬರ ಆಸೆಯೂ ತೀರುತ್ತಾ? ಅಂದಹಾಗೆ, ನಾವು ಸಸ್ಯಾಹಾರಿಗಳು.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ತೀರುತ್ತದೆ ತಾಯಿ, ಅದೂ ಒಂದೇ ಮೈದಾನದಲ್ಲಿ. ಬ್ಯಾಂಕ್ ಕೆಲಸದ ಮೇಲೆ ನಾನು ಆ ಊರಲ್ಲಿ ಹನ್ನೊಂದು ವರ್ಷ ಇದ್ದೆ. ನೆಂಟರು ಬಂದಾಗಲೆಲ್ಲ ಇದೇ ದಾರಿಯಲ್ಲಿ ನಡೆಸಿದ್ದೇನೆ.

ರೈಲಿನಲ್ಲಿ ಹೋದರೆ ಹೌರಾದಲ್ಲಿ ಇಳಿಯುತ್ತೀರಿ. 1943ರ ಸೇತುವೆಯನ್ನು ಕಣ್ತುಂಬ ನೋಡಿ. ಆಮೇಲೆ ಎಸ್ಪ್ಲನೇಡ್‌ಗೆ ಮೆಟ್ರೋ ಹತ್ತಿ. 2024ರಲ್ಲಿ ಶುರುವಾದ ಈ ಮೆಟ್ರೋ ಹೂಗ್ಲಿ ನದಿಯ ಅಡಿಯಲ್ಲಿ ಹೋಗುತ್ತದೆ. ಮುಕ್ಕಾಲು ನಿಮಿಷದಲ್ಲಿ ನದಿ ದಾಟಿಬಿಡುತ್ತದೆ, ಮಗನಿಗೆ ಮೊದಲೇ ಹೇಳಿಡಿ.

ಎಸ್ಪ್ಲನೇಡ್ ಪಕ್ಕದಲ್ಲೇ ದೊಡ್ಡ ಮೈದಾನ. ಅದರ ದಕ್ಷಿಣದ ತುದಿಯಲ್ಲಿ ನಿಮ್ಮ ವಿಕ್ಟೋರಿಯಾ ಮೆಮೋರಿಯಲ್. ಮಕ್ರಾನಾ ಅಮೃತಶಿಲೆಯ ಕಟ್ಟಡ, ಬಾಗಿಲು ತೆರೆದದ್ದು 1921ರಲ್ಲಿ. ಉತ್ತರದ ಕಡೆ ಈಡನ್ ಗಾರ್ಡನ್ಸ್, ಅದರ ಹತ್ತಿರ ಮಗನ ಕ್ಲಬ್ಬುಗಳು. ಸೋಮವಾರ ಮಾತ್ರ ಹೋಗಬೇಡಿ. ಅವತ್ತು ವಿಕ್ಟೋರಿಯಾದ ಒಳಗಿನ ಗ್ಯಾಲರಿಗೂ ರಜ, 1814ರ ಇಂಡಿಯನ್ ಮ್ಯೂಸಿಯಂಗೂ ರಜ. ನಮ್ಮ ಭಾವನವರು ಎರಡು ಸಲ ಸೋಮವಾರವೇ ಬಂದು ಎರಡು ಸಲವೂ ನನ್ನನ್ನೇ ಬೈದರು!

ಕ್ಲಬ್ಬಿನ ಆಫೀಸನ್ನು ಅಲ್ಲಿ ‘ಟೆಂಟ್’ ಅನ್ನುತ್ತಾರೆ. ಮೈದಾನ ಸೇನೆಯ ಸುಪರ್ದಿಯಲ್ಲಿದೆ, ಮನಸ್ಸಿಗೆ ಬಂದಂತೆ ಕಟ್ಟಡ ಕಟ್ಟುವ ಹಾಗಿಲ್ಲ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್, ಮೂರರ ಟೆಂಟುಗಳೂ ನಡೆದು ಮುಟ್ಟುವಷ್ಟು ಹತ್ತಿರ. ಮಳೆಗಾಲವಾದ್ದರಿಂದ ಕಲ್ಕತ್ತಾ ಲೀಗ್ ನಡೆಯುತ್ತಿರುತ್ತದೆ. 1898ರಿಂದ ಇರುವ ಲೀಗ್ ಅದು. ಬೆಳಗಿನ ಪೇಪರ್ ನೋಡಿ ಒಂದು ಮ್ಯಾಚಿಗೆ ಹೋಗಿ. ಕೆಸರಿನ ಆಟ, ಪಕ್ಕದಲ್ಲಿ ಕೂತ ಹಿರಿಯರ ಬೈಗುಳ, ಕೈಯಲ್ಲಿ ಝಾಲ್‌ಮುಡಿ. ನಮ್ಮ ಚುರುಮುರಿಯ ತಂಗಿ ಅನ್ನಿ, ಸಾಸಿವೆ ಎಣ್ಣೆಯ ಘಾಟು ಮಾತ್ರ ಜಾಸ್ತಿ.

ಜುಲೈ 29 ನಿಮ್ಮ ಮೂರು ದಿನದೊಳಗೆ ಬಂದರೆ ಅದೃಷ್ಟ. 1911ರಲ್ಲಿ ಅವತ್ತು ಮೋಹನ್ ಬಾಗಾನ್ ಹುಡುಗರು ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಎಂಬ ಫುಟ್‌ಬಾಲ್ ಕಪ್ ಗೆದ್ದರು. ಹನ್ನೊಂದರಲ್ಲಿ ಒಬ್ಬರ ಕಾಲಲ್ಲಿ ಮಾತ್ರ ಬೂಟು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷರು ರಾಜಧಾನಿಯನ್ನು ದಿಲ್ಲಿಗೆ ಸಾಗಿಸುವುದಾಗಿ ಸಾರಿದರು. ಸೋತ ಸಿಟ್ಟಿಗೆ ಅಂತ ನಮ್ಮ ಆಫೀಸಿನ ಜವಾನ ಗಂಭೀರವಾಗಿ ಹೇಳುತ್ತಿದ್ದ. ಸುಮ್ನೆ ತಲೆಯಾಡಿಸುವುದೇ ಕ್ಷೇಮ.

ಊಟದ ಚಿಂತೆ ಬೇಡ. ಬೆಳಗ್ಗೆ ಮೈದಾ ಪೂರಿಯಾದ ಲೂಚಿ, ಕಡಲೆಬೇಳೆಯ ಛೋಲಾರ್ ದಾಲ್, ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಮಿಷ್ಟಿ ದೋಯಿ, ಅಂದರೆ ಸಿಹಿ ಮೊಸರು. ಒಂದೇ ಎಚ್ಚರಿಕೆ: ದಾಲ್ ಅಂದ ಕೂಡಲೇ ನಂಬಬೇಡಿ. ಕೆಲವು ಮನೆಯ ಬೇಳೆಯಲ್ಲಿ ಮೀನಿನ ತಲೆಯೂ ಬೆಂದಿರುತ್ತದೆ.

ಪ್ರಶ್ನೆ: ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎಂದರೆ ಅಲ್ಲಿನವರು ಯಾಕೆ ಅಷ್ಟು ಜಗಳವಾಡುತ್ತಾರೆ? ಎರಡೂ ಅದೇ ಊರಿನ ಕ್ಲಬ್ ಅಲ್ವಾ?
— ಒಬ್ಬ ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಊರು ಒಂದೇ ಕಣಪ್ಪ, ಊರಮನೆ ಬೇರೆ. ಮೊದಲಿನಿಂದ ಪಶ್ಚಿಮ ಬಂಗಾಳದವರು ‘ಘೋಟಿ’ಗಳು, 1889ರ ಮೋಹನ್ ಬಾಗಾನ್ ಅವರದು. ಪೂರ್ವ ಬಂಗಾಳ ಮೂಲದವರು ‘ಬಾಂಗಾಲ್’ಗಳು, 1920ರ ಈಸ್ಟ್ ಬೆಂಗಾಲ್ ಅವರದು. ದೇಶ ಒಡೆದಾಗ ಮನೆ, ಗದ್ದೆ, ಕೆರೆ ಎಲ್ಲ ಆಚೆಗೇ ಬಿಟ್ಟು ಬಂದ ಲಕ್ಷಾಂತರ ಜನಕ್ಕೆ ಕಳೆದ ಊರಿನ ಹೆಸರು ಉಳಿದದ್ದು ಆ ಕ್ಲಬ್ಬಿನಲ್ಲೇ. ಈಸ್ಟ್ ಬೆಂಗಾಲ್ ಗೆದ್ದರೆ ಮನೆಗೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ಅಲ್ಲಿ ಯಾರಾದರೂ ‘ಇಲಿಶ್ ಇಷ್ಟವೋ, ಸಿಗಡಿಯೋ’ ಎಂದು ಕೇಳಿದರೆ ಅದು ಊಟದ ಪ್ರಶ್ನೆ ಅಂದುಕೊಳ್ಳಬೇಡ.

ನಾನು ಬಣ್ಣದ ವಿಷಯದಲ್ಲಿ ಹಾಗೇ ತಿಳಿಯದೆ ಕೆಟ್ಟೆ. ಹೋದ ಹೊಸದರಲ್ಲಿ ಚಳಿಗೆ ಫುಟ್‌ಪಾತಿನಲ್ಲಿ ಹಸಿರು–ಕಂದುಗೆಂಪು ಪಟ್ಟೆಯ ಮಫ್ಲರ್ ಕೊಂಡೆ. ಅದು ಮೋಹನ್ ಬಾಗಾನ್ ಬಣ್ಣ ಅಂತ ಯಾರಿಗೆ ಗೊತ್ತು? ಮನೆ ಒಡತಿ ಪೂರ್ವ ಬಂಗಾಳದ ಬಾರಿಸಾಲ್ ಕಡೆಯವರು. ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಸಂಜೆಯ ಚಹಾ ನಿಂತುಹೋಯಿತು.

ಆಮೇಲೆ 1997ರ ಜುಲೈ 13ರಂದು ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ಲಿಗೆ ನಾನೂ ಹೋಗಿದ್ದೆ. ಲೆಕ್ಕಕ್ಕೆ ಸಿಕ್ಕ ಜನವೇ 1,31,781. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ ಮೋಹನ್ ಬಾಗಾನ್ ವಿರುದ್ಧ 4-1ರಿಂದ ಗೆದ್ದಿತು. ನನಗೆ ಕಂಡದ್ದು ಒಂದೂವರೆ ಗೋಲು. ಉಳಿದದ್ದು ಮುಂದಿನವರ ಬೆನ್ನು. ಆದರೆ ಹಾಗೆ ಎದ್ದ ಹೋ ಅನ್ನುವ ಸದ್ದನ್ನು ಮತ್ತೆಲ್ಲೂ ಕೇಳಿಲ್ಲ.

ಪ್ರಶ್ನೆ: ನಮ್ಮ ಕಡೆಯವರು ಯಾರಾದರೂ ಅಲ್ಲಿ ಹೆಸರು ಮಾಡಿದ್ದಾರಾ?
— ಓದುಗರೊಬ್ಬರು, ಕೋಲಾರ

ಉತ್ತರ: ಬೆಂಗಳೂರಿನ ಅಹ್ಮದ್ ಖಾನ್! 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರ ಹೆಲ್ಸಿಂಕಿಯಲ್ಲೂ ಭಾರತಕ್ಕೆ ಆಡಿದವರು. 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್ ಜೊತೆಗೆ ಅವರದೊಂದು ಐದು ಜನರ ಮುಂಪಡೆ. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಅನ್ನುತ್ತಿದ್ದರು. 1949, 50, 51, ಮೂರು ವರ್ಷವೂ ಶೀಲ್ಡ್ ಅವರದೇ. ಚೆಂಡು ಕಾಲಿಗೆ ಸಿಕ್ಕರೆ ಹಾವಾಡಿಗನ ಹಾಗೆ ಆಡಿಸುತ್ತಿದ್ದರಂತೆ. ಅವರು 2017ರಲ್ಲಿ ತೀರಿಕೊಂಡರು.

ಈ ವಿಷಯ ನನಗೆ ತಿಳಿದದ್ದೂ ಆ ಮನೆ ಒಡತಿಯಿಂದಲೇ. ಚಹಾ ನಿಂತ ನಾಲ್ಕನೇ ದಿನ ಮೆಟ್ಟಿಲ ಹತ್ತಿರ ತಡೆದು, ನಿಮ್ಮ ಊರಮನೆ ಎಲ್ಲಿ ಎಂದು ಕೇಳಿದರು. ಬೆಂಗಳೂರು ಅಂದೆ. ಒಂದು ಕ್ಷಣ ಸುಮ್ಮನಿದ್ದು, ‘ಅಹ್ಮದ್ ಊರಾ?’ ಅಂದರು. ಅವರಪ್ಪ ಪ್ರತಿ ಮ್ಯಾಚಿಗೂ ಹೋಗುತ್ತಿದ್ದರಂತೆ. ನನಗೆ ಆ ಅಹ್ಮದ್ ಯಾರೆಂದೇ ಗೊತ್ತಿರಲಿಲ್ಲ, ಆದರೂ ಹೌದು ಹೌದು ಅಂದೆ. ಸಂಜೆ ಚಹಾ ಬಂತು, ಜೊತೆಗೆ ಎರಡು ಬಿಸ್ಕತ್ತು. ಮಫ್ಲರನ್ನು ಆಫೀಸಿನ ಜವಾನನಿಗೆ ಕೊಟ್ಟುಬಿಟ್ಟೆ.